ಖುಷಿಯೂ ಬಿಟ್ಟಿ ಚಾಕರಿಯೇ?

ದೊಡ್ಡಬಳ್ಳಾಪುರದ ಕಡೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾವು ದುಡಿಯುತ್ತಿದ್ದೇವೆ. ಹೆಸರು ಬೇಡ. ಬಿ.ಎ. ಮುಗಿಸಿದ ನಾವು ಹೊಲಿಯುವವರಲ್ಲ. ಗಂಟೆಗೊಂದು ಸಲ ಲೈನಿನ ತುದಿಯಲ್ಲಿ ನಿಂತು ಪೀಸು ಎಣಿಸಿ ಬೋರ್ಡಿನ ಮೇಲೆ ಅಂಕಿ ಬರೆಯುವವರು. ನಮ್ಮ ವಂಶಕ್ಕೆ ಬಂದ ಮೊದಲ ಡಿಗ್ರಿಗೆ ಸಿಕ್ಕ ಮೊದಲ ಅಕ್ಷರದ ಕೆಲಸ ಇದು.

ಹೋದ ಆಷಾಢದ ಒಂದು ಶನಿವಾರ ಸಂಜೆ ಅರ್ಧ ಗಂಟೆ ಮುಂಚೆಯೇ ಮಿಷನ್ನು ನಿಲ್ಲಿಸಿದರು. ಕರೆಂಟು ಹೋದರೆ ಮಾತ್ರ, ಅದೂ ಜನರೇಟರ್ ಹತ್ತುವ ತನಕ ಮಾತ್ರ ನಿಲ್ಲುವ ಮಿಷನ್ನುಗಳು ಹಾಗೆ ಸುಮ್ಮನಾದಾಗ ಹೆಂಗಸರು ಹೆದರಿದರು. ಯಾರನ್ನೋ ಕೆಲಸದಿಂದ ತೆಗೀತಾರೆ ಅಂದುಕೊಂಡರು. ಆದರೆ ಬಂದವರು ಬೆಂಗಳೂರಿನಿಂದ ಕರೆಸಿದ್ದ ಒಬ್ಬ ತರಬೇತುದಾರರು. ಈಗಿರುವ ಕೆಲಸದಲ್ಲೇ ಸಂತೋಷವನ್ನೂ ಅರ್ಥವನ್ನೂ ಕಂಡುಕೊಳ್ಳುವುದು ಹೇಗೆ ಎಂಬುದು ಅವರ ವಿಷಯ. ಒಂದು ಕಥೆ ಹೇಳಿದರು. ಮೂವರು ಕಲ್ಲುಕುಟಿಗರನ್ನು ದಾರಿಹೋಕನೊಬ್ಬ ಏನು ಮಾಡ್ತಿದ್ದೀರಿ ಎಂದು ಕೇಳಿದನಂತೆ. ಮೊದಲನೆಯವನು ಕಲ್ಲು ಒಡೀತಿದ್ದೀನಿ ಅಂದ. ಎರಡನೆಯವನು ಹೊಟ್ಟೆ ಹೊರೀತಿದ್ದೀನಿ ಅಂದ. ಮೂರನೆಯವನು ದೇವಸ್ಥಾನ ಕಟ್ಟುತ್ತಿದ್ದೀನಿ ಅಂದ. ನೀವೆಲ್ಲ ಆ ಮೂರನೆಯವನ ಹಾಗೆ ಆಗಬೇಕು ಎಂದರು.

ದೇವನಹಳ್ಳಿ ತಾಲ್ಲೂಕಿನ ಕೊಯಿರಾ ಕಲ್ಲಿಗೆ ಹೆಸರಾದ ಸೀಮೆ ನಮ್ಮದು. ಕಲ್ಲಿನ ಕೆಲಸದವರ ಮನೆ ನಮಗೆ ಗೊತ್ತು. ದೇವಸ್ಥಾನ ಎದ್ದ ಮೇಲೆ ಆ ಮೂರನೆಯವನು ಅದರ ಒಳಗೆ ಹೋದನೋ ಇಲ್ಲವೋ, ಕಥೆಯಲ್ಲಿ ಇಲ್ಲ. ನಮ್ಮ ಕೇರಿಯಲ್ಲಿ ಯಾರನ್ನು ಕೇಳಿದರೂ ಎರಡನೆಯವನೇ ನಿಜ ಹೇಳಿದ್ದು ಅನ್ನುತ್ತಾರೆ. ವಿಧಾನಸೌಧದ ಮುಂಭಾಗದಲ್ಲಿ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿದ್ದಾರೆ. 1951ರಿಂದ 1956ರವರೆಗೆ ನಡೆದ ಆ ಕಟ್ಟಡದ ಕೆಲಸದಲ್ಲಿ ಜೈಲಿನ ಕೈದಿಗಳೂ ದುಡಿದರು. ಅವರಿಗೆ ಅದು ದೇವರ ಕೆಲಸವಾಗಿತ್ತೋ, ಬಿಡುಗಡೆಯ ದಿನ ಎಣಿಸುವ ಕೆಲಸವಾಗಿತ್ತೋ.

ಸಭೆ ಮುಗಿದ ಮೇಲೆ ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟರು. ನಿಮ್ಮ ಕೆಲಸದಲ್ಲಿ ಖುಷಿ ಕೊಡುವ ಮೂರು ವಿಷಯ ಬರೆಯಿರಿ ಎಂದು ಮೇಲೆ ಅಚ್ಚಾಗಿತ್ತು. ಕೆಳಗೆ ಮೂರು ಗೆರೆ. ಬರೆಯಲು ಬಾರದವರಿಗೆ ಬರೆದುಕೊಡುವ ಪಾಳಿ ನಮ್ಮದು. ಒಬ್ಬಳು 'ಊಟದ ಬೆಲ್ಲು' ಅಂದಳು. ಇನ್ನೊಬ್ಬಳು 'ಸಂಬಳದ ದಿನ' ಅಂದಳು. ಆಮೇಲೆ ಯೋಚನೆ ಮಾಡಿ, 'ಅದ್ನ ಹೊಡುದಾಕು, ಆವತ್ತೇ ಸಂಘದ ಸಾಲ್ದೋರು ಬರೋದು' ಅಂದಳು. ಹದಿನೈದು ವರ್ಷದಿಂದ ಗಾರ್ಮೆಂಟ್ಸಿನಲ್ಲೇ ಸವೆದ, ಕಾಲರ್ ಹೊಲಿಯುವ ಅಕ್ಕ ಒಬ್ಬರಿದ್ದಾರೆ. ಅವರು ಹಾಳೆಯನ್ನು ಮುಟ್ಟಲೇ ಇಲ್ಲ. 'ಬರೀಬ್ಯಾಡ ಕಣಪ್ಪ. ಖುಸಿಯಾಗೈತೆ ಅಂತ ಬರುದ್ರೆ ನಾಳಿಂದ ಗಂಟೆಗೆ ಅತ್ತು ಪೀಸು ಜಾಸ್ತಿ ಕೇಳ್ತಾರೆ' ಅಂದರು.

ನಾವು ನಕ್ಕೆವು. ರಾತ್ರಿ ಬಸ್ಸಿನಲ್ಲಿ ಕೂತಾಗ ಆ ಮಾತಿನಲ್ಲಿ ನಗು ಉಳಿದಿರಲಿಲ್ಲ.

ನಮ್ಮ ತಾತಂದಿರು ಊರಿಗೆ ಬಿಟ್ಟಿ ಚಾಕರಿ ಮಾಡಿದರು. ಸತ್ತ ದನ ಎಳೆದರು, ಸಾವಿನ ಸುದ್ದಿ ಹೊತ್ತು ಹರದಾರಿಗಟ್ಟಲೆ ನಡೆದರು, ಸಾರು ಹಾಕಲು ತಮಟೆ ಬಡಿದರು. ಆಗ ಊರು ಕೇಳಿದ್ದು ಮೈಯನ್ನು. ಮನಸ್ಸು ಹೇಗಿದೆ ಎಂದು ಯಾವ ಗೌಡನೂ ಶಾನುಭೋಗನೂ ವಿಚಾರಿಸಲಿಲ್ಲ. ಅದು ಕ್ರೌರ್ಯ, ಸರಿ. ಆದರೆ ಮನಸ್ಸಾದರೂ ಅವರ ಪಾಲಿಗೆ ಉಳಿದಿತ್ತು. ಒಳಗೊಳಗೇ ಗೌಡನನ್ನು ಬೈದುಕೊಳ್ಳಬಹುದಿತ್ತು. ಈಗಿನ ಬಂಡವಾಳಶಾಹಿ ಜಾಣ. ಎಂಟು ಗಂಟೆಯ ಮೈಗೆ ಕೂಲಿ ಕೊಟ್ಟು, ಮನಸ್ಸನ್ನು ಬಿಟ್ಟಿಗೆ ಕೇಳುತ್ತದೆ. ಆ ಎಂಟು ಗಂಟೆಯೂ ಗಟ್ಟಿಯಲ್ಲ. ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿಕೊಟ್ಟ ತಿದ್ದುಪಡಿಯನ್ನು ನಮ್ಮ ರಾಜ್ಯದ ಶಾಸನಸಭೆ 2023ರಲ್ಲಿ ಒಪ್ಪಿತು. ಹೀಗೆಂದು ನಾವು ಒಂದು ಬಿರುಸಾದ ಲೇಖನ ಬರೆದೆವು. ಕೆಲಸದಲ್ಲಿ ಖುಷಿ ಎಂಬುದೆಲ್ಲ ಉಳ್ಳವರು ಹೊಸೆದ ಮೋಸ, ದುಡಿಯುವವನು ಖುಷಿಪಟ್ಟಷ್ಟೂ ಸಂಕೋಲೆ ಬಿಗಿಯಾಗುತ್ತದೆ, ಇತ್ಯಾದಿ. ಈ ಪತ್ರಿಕೆಗೆ ಕಳಿಸಬೇಕೆಂದಿದ್ದ ಆ ಲೇಖನವನ್ನು ಹರಿದು ಹಾಕಿದೆವು. ಹರಿಸಿದ್ದು ನಮ್ಮಪ್ಪ.

ನಮ್ಮಪ್ಪ ಮೆದೆ ಒಟ್ಟುವುದರಲ್ಲಿ ಹೆಸರಾದವನು. ರಾಗಿ ಸೀಮೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇವೆ. ಕೊಯ್ದ ರಾಗಿಯನ್ನು ಹೊರೆ ಕಟ್ಟಿ, ಕಣ ಮಾಡುವ ತನಕ ಮೆದೆ ಒಟ್ಟಿ ಇಡುತ್ತಾರೆ. ತೆನೆ ಒಳಮುಖ, ಬುಡ ಹೊರಮುಖ. ಮೇಲೇರಿದ ಹಾಗೆ ಒಂದೊಂದು ಸುತ್ತನ್ನೂ ಇಷ್ಟಿಷ್ಟೇ ಒಳಕ್ಕೆ ಎಳೆದು, ನೆತ್ತಿಯನ್ನು ಗುಡಿಸಲ ಹಾಗೆ ಇಳಿಜಾರಾಗಿ ಮುಚ್ಚಬೇಕು. ಒಂದು ಕಡೆ ತಗ್ಗು ಬಿದ್ದರೂ ಅಲ್ಲಿ ಮಳೆನೀರು ಇಳಿದು ತೆನೆ ಮೊಳಕೆ ಒಡೆಯುತ್ತದೆ, ಇಲ್ಲ ಬೂಷ್ಟು ಹಿಡಿಯುತ್ತದೆ. ಗೌಡರ ಹೊಲದಲ್ಲಿ ಅಪ್ಪ ಒಟ್ಟಿದ ಮೆದೆ ಜಡಿಮಳೆ ಹಿಡಿದರೂ ಒಳಗೆ ಒಣಗಿಯೇ ಇರುತ್ತಿತ್ತು. ಬಸ್ಸಿನಲ್ಲಿ ಆ ದಾರಿ ಬಂದಾಗ ಅಪ್ಪ ಕಿಟಕಿ ಕಡೆ ಬಗ್ಗಿ ನೋಡುತ್ತಿದ್ದ. ಯಾರಾದರೂ 'ಯಾರ್ ಕೈ ಮೆದೆನಪ್ಪ ಅದು' ಎಂದರೆ ಮೀಸೆಯಲ್ಲೇ ನಗುತ್ತಿದ್ದ. ಅದೇ ಗೌಡರ ಮನೆಯಲ್ಲಿ ಅಪ್ಪನಿಗೆ ಊಟ ಇಡುತ್ತಿದ್ದದ್ದು ಕೊಟ್ಟಿಗೆ ಪಕ್ಕ. ಅವನ ತಟ್ಟೆ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ಉಂಡು, ತೊಳೆದು, ಅಲ್ಲೇ ಸಿಕ್ಕಿಸಿ ಬರಬೇಕು.

ಲೇಖನ ಓದಿ ಹೇಳಿದೆವು. 'ನಿನ್ನ ಖುಷಿಯಿಂದ ಲಾಭ ಗೌಡರಿಗೆ ಆಯ್ತಪ್ಪ, ನಿನಗೇನು ಬಂತು' ಎಂದೆವು. ಅಪ್ಪ ಬೀಡಿ ಹಚ್ಚಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, 'ಅಂಗಾರೆ ನಾನು ಒಟ್ಟಿದ್ ಮೆದೆನೂ ಅವ್ರುದೇ, ನಂಗಾದ್ ಖುಸಿನೂ ಅವ್ರುದೇ ಅನ್ನು. ನಂದು ಅಂತ ಏನೈತೆ ಮತ್ತೆ?' ಅಂದ. ಎರಡು ದಿನ ನಮ್ಮ ಜೊತೆ ಮಾತಾಡಲಿಲ್ಲ.

ಓದಿದ ಮಕ್ಕಳು ಮಾಡುವ ತಪ್ಪು ಇದು. ನಮ್ಮವರಿಗೆ ಆದ ಅನ್ಯಾಯ ಎತ್ತಿ ತೋರಿಸುವ ಭರದಲ್ಲಿ ನಮ್ಮವರ ಕೈಚಳಕವನ್ನೂ ಅನ್ಯಾಯದ ಲೆಕ್ಕಕ್ಕೇ ಬರೆದುಬಿಡುತ್ತೇವೆ. ಅಪ್ಪನಿಗೆ ಆಗಿದ್ದ ಖುಷಿ ಸುಳ್ಳು ಅಂದರೆ ಅವನನ್ನು ನೊಗ ಹೊತ್ತ ಎತ್ತು ಮಾಡಿದ ಹಾಗೆ; ಮೇಲ್ಜಾತಿಯವರೂ ಅವನನ್ನು ಹಾಗೇ ಕಂಡಿದ್ದರು. ಖುಷಿ ನಿಜ, ಕೊಟ್ಟಿಗೆ ಪಕ್ಕದ ತಟ್ಟೆಯೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಯೋಚನೆ ಮಾಡುವುದು ಹೇಗೆ? ನಮ್ಮನ್ನು ಕಾಡುತ್ತಿರುವ ಪ್ರಶ್ನೆ ಇದು.

1936ರಲ್ಲಿ ಬಾಬಾಸಾಹೇಬರು ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲಕ್ಕಾಗಿ ಒಂದು ಭಾಷಣ ಬರೆದರು. ಮಂಡಲ ಸಮ್ಮೇಳನವನ್ನೇ ಕೈಬಿಟ್ಟ ಮೇಲೆ ತಾವೇ ಅದನ್ನು ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಜಾತಿ ಬರೀ ದುಡಿಮೆಯ ವಿಂಗಡಣೆಯಲ್ಲ, ದುಡಿಯುವವರನ್ನೇ ವಿಂಗಡಿಸಿ ಒಬ್ಬರ ಮೇಲೊಬ್ಬರನ್ನು ಇಟ್ಟದ್ದು ಎಂಬ ಅಲ್ಲಿನ ವಾದ ನಮ್ಮ ಸಭೆಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಅದರ ಪಕ್ಕದಲ್ಲೇ ಇರುವ ಇನ್ನೊಂದು ವಾದವನ್ನು ನಾವು ಅಷ್ಟು ಗಮನಿಸಿ ಓದಿಲ್ಲ. ಮನುಷ್ಯನ ಒಲವನ್ನೂ ಶಕ್ತಿಯನ್ನೂ ಕೇಳದೆ ಹುಟ್ಟಿನಿಂದಲೇ ಕಸುಬು ಅಂಟಿಸಿದರೆ ಅವನಿಗೆ ಆ ಕೆಲಸದ ಮೇಲೆ ಜಿಗುಪ್ಸೆ ಬರುತ್ತದೆ, ತಪ್ಪಿಸಿಕೊಳ್ಳುವ ಆಸೆ ಬರುತ್ತದೆ. ಮನಸ್ಸೂ ಬುದ್ಧಿಯೂ ಇಲ್ಲದ ಕಡೆ ಒಳ್ಳೆಯ ದುಡಿಮೆ ಎಲ್ಲಿಂದ ಬರಬೇಕು ಎಂದು ಅವರು ಕೇಳಿದರು. ಅಂದರೆ ಕೆಲಸದ ಖುಷಿಯ ಪ್ರಶ್ನೆಯನ್ನು ಬಾಬಾಸಾಹೇಬರು ತಳ್ಳಿಹಾಕಲಿಲ್ಲ. ಖುಷಿ ಇಲ್ಲವಲ್ಲ ಎಂದು ದುಡಿಯುವವನನ್ನು ಬೈಯಲಿಲ್ಲ, ಅವನಿಗೆ ಪಾಠ ಹೇಳಲೂ ಹೋಗಲಿಲ್ಲ. ಆಯ್ಕೆಯನ್ನು ಕಿತ್ತುಕೊಂಡ ವ್ಯವಸ್ಥೆಯ ಕಡೆಗೆ ಬೆರಳು ತೋರಿಸಿದರು.

ಅದೇ 1936ರ ನವೆಂಬರಿನಲ್ಲಿ ಗಾಂಧೀಜಿ ತಮ್ಮ 'ಹರಿಜನ' ಪತ್ರಿಕೆಯಲ್ಲಿ ಆದರ್ಶ ಭಂಗಿಯ ಬಗ್ಗೆ ಬರೆದರು. ಅವನು ಕಕ್ಕಸು ಬಳಿಯುವುದನ್ನು ಪವಿತ್ರ ಕರ್ತವ್ಯವೆಂದು ತಿಳಿಯುವವನು. ಗಾಂಧೀಜಿ ತಾವೂ ಪೊರಕೆ ಹಿಡಿದವರು, ಅದನ್ನು ನಾವು ಮರೆಯುವುದಿಲ್ಲ. ಆದರೆ ಅವರು ಪೊರಕೆ ಹಿಡಿದದ್ದು ತಾವಾಗಿ. ಕೆಳಗಿಟ್ಟು ಚರಕದ ಮುಂದೆ ಕೂರುವ ಸ್ವಾತಂತ್ರ್ಯ ಅವರಿಗಿತ್ತು. ಅವರ ಆನಂದ ಆ ಸ್ವಾತಂತ್ರ್ಯದ್ದು. ಅದನ್ನು ಭಂಗಿ ಕಾಲೋನಿಯ ಹೆಂಗಸಿನ ತಲೆ ಮೇಲಿನ ಬುಟ್ಟಿಗೆ ಸುರಿದರೆ ಬುಟ್ಟಿ ಹಗುರಾಗುತ್ತದೆಯೇ? ನಮ್ಮ ರಾಜ್ಯದಲ್ಲಿ ಆ ಬುಟ್ಟಿ ಇಳಿಸಲು ಬಸವಲಿಂಗಪ್ಪನವರು ಹೊರಟದ್ದು ಬೇರೆ ದಾರಿಯಲ್ಲಿ. 1970ರ ದಶಕದ ಮೊದಲಲ್ಲಿ ಅರಸು ಸರ್ಕಾರದ ಪೌರಾಡಳಿತ ಮಂತ್ರಿಯಾಗಿದ್ದ ಅವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆ ಕೆಲಸದಲ್ಲಿ ಅರ್ಥ ಹುಡುಕಿ ಎಂದು ಯಾರಿಗೂ ಹೇಳಲಿಲ್ಲ. ಕೆಲವು ಕೆಲಸಗಳಲ್ಲಿ ಹುಡುಕಬೇಕಾದದ್ದು ಬಾಗಿಲು ಮಾತ್ರ. ನಿಷೇಧವಾದ ಮೇಲೂ ಬುಟ್ಟಿ ಪೂರ್ತಿ ಇಳಿಯಲಿಲ್ಲ, 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕೇಂದ್ರ ಕಾನೂನು ಬೇಕಾಯಿತು ಎಂಬುದು ನಾಚಿಕೆಯ ಸಂಗತಿ.

ಬಾಗಿಲು ಹುಡುಕುವುದೂ ಸುಲಭವಲ್ಲ. ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ಕೂಲಿ ಚೆನ್ನಾಗಿದ್ದ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಿತ್ತಲ್ಲ, ಎಂಜಲಾಗುತ್ತದೆ! 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಈ ಮಾತೆತ್ತಿದಾಗ ಕಾರ್ಮಿಕ ಮುಖಂಡರಿಗೇ ಇರುಸುಮುರುಸಾಯಿತು. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಸದ್ದು ಕೇಳುತ್ತ ನಾವು ಶಾಲೆಗೆ ಹೋದವರು. ನಮ್ಮ ಮಾವ ಒಬ್ಬ ರಾತ್ರಿ ಪಾಳಿಯಲ್ಲಿ ಕೂಲಿಗೆ ಮಗ್ಗ ನಡೆಸುತ್ತಿದ್ದ. ಹೊಕ್ಕು ಎಳೆ ಹರಿದದ್ದು ಅವನಿಗೆ ಕಿವಿಯಲ್ಲೇ ಗೊತ್ತಾಗುತ್ತಿತ್ತು, ಕಣ್ಣು ಬೇಕಿರಲಿಲ್ಲ. ಕೂಲಿ ಕಡಿಮೆ, ಕಿವಿ ಈಗ ಮಂದ. ಆದರೂ ಮದುವೆ ಮನೆಯಲ್ಲಿ ಯಾರದಾದರೂ ರೇಷ್ಮೆ ಸೀರೆ ಕಂಡರೆ ಸೆರಗು ತಿರುಗಿಸಿ ಹಿಂಬದಿ ನೋಡದೆ ಅವನು ಊಟಕ್ಕೆ ಕೂರುವುದಿಲ್ಲ.

ಇನ್ನು ತಮಟೆ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹಳ್ಳಿಗಳಿಗೆ ಬಂದಾಗ ಅನೇಕ ಕೇರಿಗಳಲ್ಲಿ ಮೊದಲು ಆದದ್ದು ನಿರಾಕರಣೆ. ಇನ್ನು ಮೇಲೆ ಸತ್ತ ದನ ಎಳೆಯುವುದಿಲ್ಲ, ಊರ ಹಬ್ಬಕ್ಕೆ ಬಿಟ್ಟಿ ತಮಟೆ ಬಡಿಯುವುದಿಲ್ಲ. ಅದಕ್ಕೆ ಬಹಿಷ್ಕಾರ ಅನುಭವಿಸಿದರು, ಏಟು ತಿಂದರು. ಆಮೇಲೆ ಅದೇ ತಮಟೆ ನಮ್ಮ ಜಾಥಾಗಳ ಮುಂದೆ ಬಂತು. ಅದೇ ಚರ್ಮ, ಅದೇ ಬಳೆ, ಹುಲ್ಲು ಉರಿಸಿ ಕಾಯಿಸುವ ಅದೇ ಕೈ. ಕೇಳಿದವರು ಗೊತ್ತಿದ್ದಾರೆ: ಊರ ಮುಂದೆ ತಲೆ ತಗ್ಗಿಸಿ ಬಡಿದ ತಮಟೆಗೂ ಬಾಬಾಸಾಹೇಬರ ಜಯಂತಿಗೆ ಬಡಿದ ತಮಟೆಗೂ ಸದ್ದೇ ಬೇರೆ. ಹಾಗಾದರೆ ಮೊದಲು ಬಡಿದ ತಾತನಿಗೆ ಖುಷಿ ಇರಲಿಲ್ಲವೇ? ಇತ್ತು. ಕುಡಿದ ಅಮಲಲ್ಲಿ ಇತ್ತು, ತಾಳದ ಓಟದಲ್ಲಿ ಇತ್ತು. ಆದರೆ ಬಡಿಯಲಾರೆ ಎನ್ನುವ ಮಾತು ಅವನ ಬಾಯಲ್ಲಿ ಇರಲಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಬಂತು. ಒಲ್ಲೆ ಎನ್ನಲು ಕಲಿತ ಮೇಲೆ ಬಂದ ಒಪ್ಪಿಗೆಗೆ ಇರುವ ತೂಕ ನಮಗೆ ತಮಟೆಯಿಂದ ತಿಳಿಯಿತು.

ನಮ್ಮ ಕಾರ್ಖಾನೆಯ ಗೋಡೆಯ ಮೇಲೆ ಕಾಯಕವನ್ನೂ ಕೈಲಾಸವನ್ನೂ ಒಂದು ಮಾಡುವ ಆ ಹೆಸರಾಂತ ಮಾತನ್ನು ದಪ್ಪಕ್ಷರದಲ್ಲಿ ಬರೆಸಿದ್ದಾರೆ, ಕೆಳಗೆ ಬಸವಣ್ಣನವರ ಹೆಸರು. ಆ ಮಾತು ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅವನು ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸಿದ ಬಡವ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ, ಇದು ಆಸೆಯ ಅಕ್ಕಿ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಗದರಿದಳಂತೆ. ಗೋಡೆಗೆ ಗಂಡನ ಮಾತು ಏರಿತು, ಹೆಂಡತಿಯ ಮಾತು ಏರಲಿಲ್ಲ. ಮಾಲೀಕರು ಲಕ್ಕಮ್ಮನನ್ನೂ ಬರೆಸುವುದಾದರೆ, ಟಾರ್ಗೆಟ್ ಮೀರಿ ಹೊಲಿಸಿಕೊಂಡ ಪೀಸುಗಳ ಹಣ ಎಲ್ಲಿಗೆ ಹೋಗಿ ಸುರಿಯಬೇಕು? ಹರಳಯ್ಯನ ಕಥೆಯನ್ನೂ ನಮಗೆ ಅರ್ಧವೇ ಹೇಳುತ್ತಾರೆ. ತನ್ನ ತೊಡೆಯ ಚರ್ಮದಲ್ಲಿ ಬಸವಣ್ಣನಿಗೆ ಪಾದರಕ್ಷೆ ಹೊಲಿದ ಭಕ್ತಿಯ ತನಕ ಹೇಳಿ ಪುಸ್ತಕ ಮುಚ್ಚುತ್ತಾರೆ. ಅವನು ಆನಂದದಿಂದ ಚಪ್ಪಲಿ ಹೊಲಿಯುವಷ್ಟು ದಿನ ಕಲ್ಯಾಣದಲ್ಲಿ ಯಾರಿಗೂ ತೊಂದರೆಯಾಗಿರಲಿಲ್ಲ. ಬ್ರಾಹ್ಮಣ ಮೂಲದ ಮಧುವರಸನ ಮನೆಗೂ ಅವನ ಮನೆಗೂ ಮದುವೆ ಸಂಬಂಧ ಬೆಳೆದಾಗ ಎಳೆಹೂಟೆ ಶಿಕ್ಷೆ ಬಂತು. ಸಮಾಜಕ್ಕೆ ಸಮಗಾರನ ಖುಷಿಯ ಮೇಲೆ ಹಗೆ ಇಲ್ಲ. ಅವನು ಜಾಗ ಬಿಟ್ಟು ಎದ್ದರೆ ಮಾತ್ರ ಹಗೆ.

ಎದ್ದು ಹೋಗುವುದೊಂದೇ ದಾರಿ ಎಂದೂ ನಾವು ಹೇಳುತ್ತಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರು ತದ್ವಿರುದ್ಧ ಮಾಡಿದರು. 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಸರ್ಕಾರ ಹೊರಟಾಗ, 2022ರ ಏಪ್ರಿಲ್‌ನಲ್ಲಿ ಧರಣಿ ಕೂತವರು ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡುತ್ತೇವೆ ಎಂದು ಮುಖ್ಯಮಂತ್ರಿ ಹೇಳುವ ತನಕ. ನಿಮ್ಮ ಮಕ್ಕಳಿಗೆ ಕೆಲಸ ಸಿಗುತ್ತದೆ ಎಂಬುದು ಇಂಥ ಕಡೆ ಯಾವಾಗಲೂ ತೋರಿಸುವ ಆಸೆ. ಕೆಲಸ ಇಲ್ಲವೆಂದು ಯಾರು ಹೇಳಿದರು, ದ್ರಾಕ್ಷಿ, ರಾಗಿ, ತರಕಾರಿ, ಹಾಲು, ಇದೆಲ್ಲ ಕೆಲಸವಲ್ಲವೇ ಎಂಬುದು ಅವರ ತಿರುಗೇಟು. ತಮ್ಮ ದುಡಿಮೆಯನ್ನು ಅವರು ಎಷ್ಟು ಪ್ರೀತಿಸುತ್ತಾರೆ ಎಂದು ಯಾವ ಹಾಳೆಯ ಮೂರು ಗೆರೆಯಲ್ಲೂ ಬರೆಯಲಿಲ್ಲ.

ಈ ಪತ್ರಿಕೆ ಓದುವ ಹಳ್ಳಿ ಮೇಷ್ಟ್ರುಗಳು ಈ ಮಾತನ್ನು ಬೇಗ ಹಿಡಿಯುತ್ತಾರೆ. ನಮ್ಮ ಜೊತೆ ಓದಿದ ಗೆಳೆಯರಲ್ಲಿ ಕೆಲವರು ಅತಿಥಿ ಶಿಕ್ಷಕರು. ಮಗು ಮೊದಲ ಸಲ ತಾನೇ ಅಕ್ಷರ ಕೂಡಿಸಿ ಓದಿದ ದಿನ ಆಗುವ ಖುಷಿಯನ್ನು ಅವರು ಬಣ್ಣಿಸಿದರೆ ನಮಗೆ ಹೊಟ್ಟೆಕಿಚ್ಚಾಗುತ್ತದೆ. ಆದರೆ ಗೌರವಧನ ತಡವಾಯಿತು ಎಂದು ಕೇಳಹೋದಾಗ ಶಿಕ್ಷಕ ವೃತ್ತಿ ಪವಿತ್ರ ಎಂಬ ಉಪದೇಶ ಬರುತ್ತದೆ. ಹೆಸರಲ್ಲೇ ಅತಿಥಿ; ಮನೆಯವನಲ್ಲ. ಬೆಂಗಳೂರಿನ ಪೌರಕಾರ್ಮಿಕರನ್ನು ಕೊರೊನಾ ಕಾಲದಲ್ಲಿ ದೇವರೆಂದು ಕೈಮುಗಿದರು, ಹೂವು ಹಾಕಿದರು. ಅವರು ಹೂವು ತೆಗೆದಿಟ್ಟು 2022ರ ಜುಲೈನಲ್ಲಿ ಮುಷ್ಕರಕ್ಕೆ ಕೂತರು. 2025ರ ಮೇ 1ರಂದು 12,692 ಜನರ ಕೈಗೆ ಖಾಯಂ ನೇಮಕದ ಪತ್ರ ಬಂತು. ಪೊರಕೆ ಅದೇ, ಕಸ ಅದೇ.

ಕಾಲರ್ ಅಕ್ಕನ ಕಡೆಗೆ ತಿರುಗುತ್ತೇವೆ. ವಾರ ಕಳೆದ ಮೇಲೆ, ಹಾಳೆ ಪೆನ್ನು ಏನೂ ಇಲ್ಲದೆ, ಊಟದ ಹೊತ್ತಿನಲ್ಲಿ ಸುಮ್ಮನೆ ಕೇಳಿದೆವು: 'ನಿಜವಾಗ್ಲೂ ಏನೂ ಖುಷಿ ಇಲ್ವೇನಕ್ಕಾ?' ಅವರು ಅತ್ತಿತ್ತ ನೋಡಿ, ಬಂಡಲ್ಲಿನಿಂದ ಒಂದು ಕಾಲರ್ ಎತ್ತಿ ಮೂಲೆ ತೋರಿಸಿದರು. ಮಗುಚಿದಾಗ ಮೂಲೆ ಮೊಂಡಾಗದೆ, ಒಳಗೆ ಬಟ್ಟೆ ಗಂಟು ಕಟ್ಟದೆ, ಮೊನೆ ನೆಟ್ಟಗೆ ನಿಂತಿತ್ತು. 'ಈ ಮೂಲೆ ಇಂಗೆ ಬರ್ಸೋರು ಈ ಲೈನಲ್ಲಿ ಯಾರವ್ರೆ ತೋರ್ಸು' ಅಂದರು. ಆಮೇಲೆ 2016ರ ಏಪ್ರಿಲ್ ಮಾತು ತೆಗೆದರು. ಪಿ.ಎಫ್. ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ, 18 ಮತ್ತು 19ನೇ ತಾರೀಕು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಯಾವ ಮುಖಂಡನಿಗೂ ಕಾಯದೆ ರಸ್ತೆಗೆ ಇಳಿದರು. 19ರಂದೇ ನಿಯಮ ವಾಪಸಾಯಿತು. ಅಕ್ಕ ಆಗ ಪೀಣ್ಯದ ಕಡೆ ಕೆಲಸದಲ್ಲಿದ್ದರು. 'ಲಾಠಿ ಏಟು ಬಿತ್ತು, ಚಪ್ಪಲಿ ಒಂದು ಕಳೀತು. ಆದ್ರೂ ಅಂತಾ ದಿನ ಮತ್ತೆ ಬರ್ಲಿಲ್ಲ ಕಣಪ್ಪ' ಎಂದರು. ಕಾಲರಿನ ಮೂಲೆಯ ಬಗ್ಗೆ ಹೇಳುವಾಗ ಮುಖದಲ್ಲಿದ್ದ ಬೆಳಕೇ ಆಗಲೂ ಇತ್ತು. ಎರಡು ಖುಷಿ ಬೇರೆ ಬೇರೆ ಎಂದು ಅವರಿಗೆ ಅನ್ನಿಸಿದಂತೆ ಕಾಣಲಿಲ್ಲ. ಬೆಲ್ಲು ಹೊಡೆಯಿತು. 'ಇದ್ಯಾವುದ್ನೂ ಆ ಹಾಳೇಲಿ ಬರೀಬ್ಯಾಡ' ಎಂದು ಎದ್ದರು.

ಹಾಳೆಯಲ್ಲಿ ಬರೆಯಲಿಲ್ಲ. ಇಲ್ಲಿ ಬರೆದಿದ್ದೇವೆ. ನಮ್ಮ ಹಾಳೆಯನ್ನು ಖಾಲಿಯೇ ಕೊಟ್ಟೆವು. ಮೇಲಿನವರು ಕರೆದು, ಓದಿದವರು ನೀವೇ ಹೀಗೆ ಮಾಡಿದರೆ ಹೇಗೆ ಎಂದರು. ಗಂಟೆಗೊಂದು ಸಲ ಅಂಕಿ ಬರೆಯುವ ನಮ್ಮ ಕೆಲಸದಲ್ಲಿ ನಮಗೆ ಹೇಳಿಕೊಳ್ಳುವಂಥ ಖುಷಿ ಇಲ್ಲ, ಅದು ನಿಜವಾದ ಕಾರಣ. ಬೇರೆಯವರ ಕೈಯ ಮೂಲೆಯನ್ನು ಎಣಿಸುವುದರಲ್ಲಿ ಏನು ಖುಷಿ?

ಹೋದ ಸುಗ್ಗಿಯಲ್ಲಿ ಅಪ್ಪ ನಮ್ಮದೇ ಮುಕ್ಕಾಲು ಎಕರೆಯ ರಾಗಿಗೆ ಮೆದೆ ಒಟ್ಟಿದ. ದರಖಾಸ್ತಿನಲ್ಲಿ ಬಂದ ಭೂಮಿ, ಬಹಳ ವರ್ಷದ ಮೇಲೆ ಒಳ್ಳೆ ಬೆಳೆ. ನಾವು ಹೊರೆ ಎಸೆದುಕೊಟ್ಟೆವು. ಅವ್ವ ಕೆಳಗೆ ನಿಂತು ಉದುರಿದ ತೆನೆ ಆಯ್ದಳು. ನೆತ್ತಿ ಮುಚ್ಚಿ ಇಳಿದ ಅಪ್ಪ ದೂರ ಹೋಗಿ ನಿಂತು ನೋಡಿದ. ಲೇಖನ ಮತ್ತೆ ಬರೆಯಲು ಒಂದು ಮಾತು ಸಿಗುತ್ತದೆಂದು ಆಸೆಯಿಂದ, 'ಗೌಡರ ಮೆದೆಗಿಂತ ಇದು ಜಾಸ್ತಿ ಖುಷಿ ಅಲ್ವೇನಪ್ಪ' ಎಂದೆವು. ಅಪ್ಪ ತಲೆ ಕೆರೆದುಕೊಂಡ. 'ಗೌಡ್ರುದೇ ಚೆನ್ನಾಗ್ ಬರ್ತಿತ್ತು ಕಣ್ಲಾ. ಹುಲ್ಲು ಬೋ ಜಾಸ್ತಿ ಇರ್ತಿತ್ತಲ್ಲ' ಅಂದ.